ಮೊಬೈಲಿನಲ್ಲಿ ಕನ್ನಡ: ಪೈಪೋಟಿಯೂ ಸಮಾನ ಅಳತೆಯೂ

ಮೊಬೈಲು ದೂರವಾಣಿಯನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಕನ್ನಡದಲ್ಲಿ ಇದನ್ನು ಕಾರ್ಯಾಚರಣಾ ವ್ಯವಸ್ಥೆ ಎಂದು ಬರೆಯುವುದು ವಾಡಿಕೆಗೆ ಬಂದಿದೆ; ಈ ಲೇಖನದಲ್ಲಿ ನಾವು ಸಂಕ್ಷೇಪವಾಗಿ ವ್ಯವಸ್ಥೆ ಎಂದೇ ಕರೆಯುವೆವು. ಇಂದು ನಮ್ಮ ದೇಶದ ಸ್ಮಾರ್ಟ್‌ಫೋನುಗಳೆಲ್ಲ ಹೆಚ್ಚುಕಡಮೆ ಎರಡೇ ವ್ಯವಸ್ಥೆಗಳಿಗೆ ಸೇರಿದವು: ಒಂದು ಗೂಗಲ್ ಸಂಸ್ಥೆಯ ಆಂಡ್ರಾಯ್ಡ್, ಇನ್ನೊಂದು ಆಪಲ್ ಸಂಸ್ಥೆಯ ಐಒಎಸ್. ಇವೆರಡರ ನಡುವಣ ಪೈಪೋಟಿಯೇ ಬಳಸುವವನಿಗೆ ಬೇಕಾದ ಸೌಕರ್ಯಗಳನ್ನೆಲ್ಲ ತಂದುಕೊಡುವುದೆಂದೂ, ಒಂದರಲ್ಲಿ ಈ ವರ್ಷ ಇಲ್ಲದ್ದು ಮತ್ತೊಂದನ್ನು ನೋಡಿ ಮುಂದಿನ ವರ್ಷ ಬಂದೇ ಬರುವುದೆಂದೂ ಒಂದು ಅಭಿಪ್ರಾಯ ಬಲವಾಗಿ ಬೇರೂರಿದೆ. ನಮ್ಮ ವಿದ್ಯಾರ್ಥಿಗಳು ಹೀಗೆ ವಾದಿಸುವುದನ್ನು ನಾವು ಹಲವು ಸಲ ಕೇಳಿದ್ದೇವೆ. ಕನ್ನಡದ ಮಟ್ಟಿಗೆ ಈ ಅಭಿಪ್ರಾಯ ಎಷ್ಟರವರೆಗೆ ನಿಲ್ಲುತ್ತದೆಂಬುದನ್ನು ಕಾಲಾನುಕ್ರಮದಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕರಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ತಾಮ್ರಪಟ, ಕಡತ, ಓಲೆಗರಿಗಳಂತೆಯೇ ಮೊಬೈಲು ಕೂಡ ಈಗ ಬರಹದ ಆಸರೆ. ಜನರ ಲೆಕ್ಕಪತ್ರ, ಜಮೀನಿನ ಪಹಣಿ, ವ್ಯಾಪಾರದ ಒಪ್ಪಂದ, ಮನೆಯವರು ಒಬ್ಬರಿಗೊಬ್ಬರು ಬರೆದ ಮಾತು ಎಲ್ಲವೂ ಅದರೊಳಗಿವೆ. ನಾಳೆಯ ಇತಿಹಾಸಕಾರನಿಗೆ ಆಕರವಾಗಬೇಕಾದದ್ದು ಯಾವ ಲಿಪಿಯಲ್ಲಿ, ಯಾವ ರೂಪದಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಯಿಂದ ನಮ್ಮ ವಿಭಾಗ ದೂರ ನಿಲ್ಲುವಂತಿಲ್ಲ.

ಮೊದಲು ನಮ್ಮ ನೆರೆಹೊರೆಯನ್ನೇ ನೋಡೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಬದುಕು ಬಹುಮಟ್ಟಿಗೆ ತೆಂಗಿನ ಮೇಲೆ ನಿಂತಿದೆ. ಕೆಡವಿದ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸಿ, ಚಿಪ್ಪಿನೊಳಗೇ ನೀರು ಇಂಗಿ ತಿರುಳು ಉಂಡೆಯಾಗಿ ಬಿಡುವವರೆಗೂ ಕಾದು, ಆಮೇಲೆ ಸುಲಿದು ಮಾರುಕಟ್ಟೆಗೆ ತರುವುದು ಇಲ್ಲಿಯ ಪದ್ಧತಿ. ಹೀಗೆ ಕಾಯುವ ಬೆಳೆಗಾರನಿಗೆ ಧಾರಣೆಯ ವರ್ತಮಾನ ಅನ್ನದ ಪ್ರಶ್ನೆ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಎರಡು ವರ್ಷ ಕಳೆದು 2025ರಲ್ಲಿ ಅದೇ ಕೊಬ್ಬರಿ ತಿಪಟೂರಿನಲ್ಲಿ 25,000 ರೂಪಾಯಿಗಳನ್ನು ಮೀರಿತು. ಇಂಥ ಏರಿಳಿತದಲ್ಲಿ ಇಂದು ಮಾರುವುದೋ, ಇನ್ನೊಂದು ವಾರ ತಡೆಯುವುದೋ ಎಂಬ ನಿಶ್ಚಯಕ್ಕೆ ಆಧಾರವಾದ ಸುದ್ದಿ ಈಗ ಬರುವುದು ಮೊಬೈಲಿನ ಮೂಲಕ. ಅಷ್ಟೇ ಅಲ್ಲ, 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ರೈತರೇ ತಮ್ಮ ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ಕಳುಹಿಸುವ ಬೆಳೆ ಸಮೀಕ್ಷೆಯ ಆ್ಯಪನ್ನು ಬಳಕೆಗೆ ತಂದಿತು. ಬೆಳೆಯ ದಾಖಲೆಯೇ ಮೊಬೈಲಿನಿಂದ ಹುಟ್ಟುವ ಕಾಲ ಹೀಗೆ ಬಂದಿತು.

ಆದರೆ ಈ ಸಾಧನ ಬೆಳೆಗಾರನ ಕೈಗೆ ಬರುವಾಗ ಯಾವ ಸ್ಥಿತಿಯಲ್ಲಿ ಬರುತ್ತದೆ? ನಮ್ಮ ಕಡೆಯ ಯಾವ ಹಳ್ಳಿಗೆ ಹೋದರೂ ಕಾಣುವ ದೃಶ್ಯ ಒಂದೇ. ಬ್ಯಾಂಕಿನಿಂದಲೋ ಕಚೇರಿಯಿಂದಲೋ ಒಂದು ಸಂದೇಶ ಬರುತ್ತದೆ, ಅದು ಇಂಗ್ಲಿಷಿನಲ್ಲಿರುತ್ತದೆ. ಐವತ್ತು ಅರವತ್ತು ಕ್ವಿಂಟಲು ಕೊಬ್ಬರಿಯ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲ ಯಜಮಾನರು "ಇದ್ರಲ್ಲಿ ಏನ್ ಬಂದೈತೆ ಓದವ್ವ" ಎಂದು ಕಾಲೇಜಿಗೆ ಹೋಗುವ ಮೊಮ್ಮಗಳ ಕೈಗೆ ಅದನ್ನು ಕೊಡುತ್ತಾರೆ. ಆ ಮೊಮ್ಮಗಳು ನಮ್ಮ ತರಗತಿಯ ವಿದ್ಯಾರ್ಥಿನಿ. ಅವಳು ಹಾಸ್ಟೆಲಿನಲ್ಲಿದ್ದ ದಿನ ಆ ಸಂದೇಶ ಓದದೆಯೇ ಬಿದ್ದಿರುತ್ತದೆ. ಯಜಮಾನರು ನಿರಕ್ಷರಿಗಳಲ್ಲ. ಪ್ರತಿದಿನ ಕನ್ನಡ ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದುವವರು. ಅವರನ್ನು ನಿರಕ್ಷರಿಗಳನ್ನಾಗಿ ಮಾಡಿದ್ದು ಆ ಪುಟ್ಟ ಯಂತ್ರ.

ಇಲ್ಲಿ ಮಾರುಕಟ್ಟೆಯ ಒಂದು ಸಂಗತಿಯನ್ನು ಜ್ಞಾಪಿಸಿಕೊಳ್ಳುವುದು ನಮ್ಮ ವಾದಕ್ಕೆ ಅವಶ್ಯಕ. ಕೊಬ್ಬರಿಯ ವರ್ತಕರಲ್ಲಿ ಪೈಪೋಟಿಯಿದ್ದರೆ ಬೆಳೆಗಾರನಿಗೆ ಲಾಭವೆಂಬುದು ನಿಜ. ಆದರೆ ಆ ಪೈಪೋಟಿ ಫಲಿಸಬೇಕಾದರೆ ಎಲ್ಲ ವರ್ತಕರ ತಕ್ಕಡಿಯೂ ಒಂದೇ ತೂಕವನ್ನು ತೋರಿಸಬೇಕು. ಹಿಂದೆ ಕಚ್ಚಾ ಮಣ, ಪಕ್ಕಾ ಮಣ ಎಂದು ಬೇರೆ ಬೇರೆ ತೂಕಗಳಿದ್ದಾಗ, ಸೇರು ಸೇರಿಗೂ ಸೀಮೆಯಿಂದ ಸೀಮೆಗೆ ವ್ಯತ್ಯಾಸವಿದ್ದಾಗ, ಒಬ್ಬ ಹೇಳಿದ ಬೆಲೆಯನ್ನು ಇನ್ನೊಬ್ಬನ ಬೆಲೆಯೊಡನೆ ಹೋಲಿಸುವುದೇ ಕಷ್ಟವಾಗಿತ್ತು. 1956ರ ತೂಕ ಮತ್ತು ಅಳತೆಗಳ ಶಾಸನದ ಮೇರೆಗೆ 1958ರಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಂದವು. ಆ ತೂಕಗಳನ್ನು ತಂದದ್ದು ವರ್ತಕರ ಪೈಪೋಟಿಯಲ್ಲ. ಪೈಪೋಟಿಗೆ ಮುಂಚೆ ಇರಬೇಕಾದದ್ದು ಅವು. ನಮ್ಮ ಕಾಲದಲ್ಲಿಯೂ ಇದೇ ನಡೆಯಿತು. 2014ರಲ್ಲಿ ಕರ್ನಾಟಕ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. 2016ರಲ್ಲಿ ಕೇಂದ್ರ ಸರ್ಕಾರದ ಇ-ನಾಮ್ ಬಂದಿತು. ಎರಡೂ ಗಣಕದ ಮೂಲಕ ಹರಾಜು ನಡೆಸುವ ವೇದಿಕೆಗಳೇ ಆದರೂ ಒಂದರ ವರ್ತಕನಿಗೆ ಇನ್ನೊಂದರೊಳಗೆ ಪ್ರವೇಶವಿರಲಿಲ್ಲ. 2020ರ ಮೇ ತಿಂಗಳಲ್ಲಿ ಇವೆರಡನ್ನು ಪರಸ್ಪರ ಹೊಂದಿಸುವ ಏರ್ಪಾಡಾದ ಮೇಲಷ್ಟೆ ಆ ಗೋಡೆಯಲ್ಲಿ ಒಂದು ಬಾಗಿಲು ತೆರೆಯಿತು.

ಕನ್ನಡ ಲಿಪಿಗೆ ಗಣಕದಲ್ಲಿ ಒದಗಿದ ಗತಿಯೂ ಇದೇ ಬಗೆಯದು. 1990ರ ದಶಕದಲ್ಲಿ ಶ್ರೀಲಿಪಿ, ಆಕೃತಿ ಮೊದಲಾದ ತಂತ್ರಾಂಶಗಳು ಮುದ್ರಣಾಲಯಗಳಲ್ಲಿಯೂ ಕಚೇರಿಗಳಲ್ಲಿಯೂ ಬಳಕೆಯಲ್ಲಿದ್ದವು. ಒಂದೊಂದಕ್ಕೂ ತನ್ನದೇ ಅಕ್ಷರಸಂಕೇತ. ಇವುಗಳಲ್ಲಿ ಬೆರಳಚ್ಚು ಮಾಡಿದ ಕಡತದೊಳಗೆ ವಾಸ್ತವವಾಗಿ ಇರುತ್ತಿದ್ದುದು ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಸೇರಿದ ಸಂಖ್ಯೆಗಳು. ಅವುಗಳ ಮೇಲೆ ಕನ್ನಡದ ಆಕಾರವನ್ನು ಬಿಡಿಸಿ ತೋರಿಸುತ್ತಿದ್ದುದು ಆಯಾ ತಂತ್ರಾಂಶದ ಫಾಂಟು. ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪೈಪೋಟಿಗೆ ಆಗ ಕೊರತೆಯೇನೂ ಇರಲಿಲ್ಲ. ಪೈಪೋಟಿ ಹೆಚ್ಚಿದಷ್ಟೂ ಸಂಕೇತಗಳು ಹೆಚ್ಚಿದವು. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮವನ್ನೇ ಅನುಸರಿಸಿ ರೂಪಿಸಿದ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಶೇಷಾದ್ರಿ ವಾಸು ಅವರು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ಸಿದ್ಧಪಡಿಸಿದ ನುಡಿ ಇವು ಆ ಅವ್ಯವಸ್ಥೆಯಲ್ಲಿ ಒಂದು ಕ್ರಮವನ್ನು ತಂದವು. ಈ ಮಹನೀಯರ ಸೇವೆ ಚಿಕ್ಕದಲ್ಲ. ಆದರೆ ಅಂದಿನ ಆ ಸಂಕೇತಗಳಿಗೂ ಕನ್ನಡ ಬಲ್ಲ ಗಣಕದ ಆಚೆ ಅಸ್ತಿತ್ವವಿರಲಿಲ್ಲ. ಪ್ರಪಂಚದ ಎಲ್ಲ ಲಿಪಿಗಳಿಗೂ ಒಂದೊಂದು ಅಕ್ಷರಕ್ಕೆ ಒಂದೊಂದು ಸ್ಥಿರಸಂಖ್ಯೆಯನ್ನು ಕೊಡುವ ಯುನಿಕೋಡ್ 1991ರಲ್ಲೇ ಪ್ರಕಟವಾಗಿ, ಅದರಲ್ಲಿ ಕನ್ನಡಕ್ಕೂ ಸ್ಥಳ ದೊರೆತಿತ್ತು. ಅದು ನಮ್ಮ ಬೆರಳಚ್ಚುಗಾರನ ಮೇಜಿಗೆ ಬಂದು ತಲಪಲು ಮತ್ತೆ ಒಂದೂವರೆ ಎರಡು ದಶಕಗಳೇ ಹಿಡಿದವು.

ಇದರ ನಷ್ಟವನ್ನು ನಾವೇ ಅನುಭವಿಸಿದ್ದೇವೆ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿ ಚಿಕ್ಕನಾಯಕನಹಳ್ಳಿ ಸೀಮೆಯ ಊರಹೆಸರುಗಳ ವಿಷಯವಾಗಿ ಕೆಲಸಮಾಡಲು ಹೊರಟಾಗ, ಅದೇ ವಿಷಯದ ಮೇಲೆ ಇಪ್ಪತ್ತು ವರ್ಷಗಳಷ್ಟು ಹಳೆಯದಾದ ಒಂದು ಕಿರುಪ್ರಬಂಧದ ಕಡತ ನಮ್ಮಲ್ಲಿರುವುದು ಜ್ಞಾಪಕಕ್ಕೆ ಬಂದಿತು. ಕಡತವೇನೋ ಸಿಕ್ಕಿತು. ಮೊಬೈಲಿನಲ್ಲಿ ತೆರೆದಾಗ ಒಂದು ಅಕ್ಷರವೂ ಕನ್ನಡವಾಗಿ ಕಾಣಲಿಲ್ಲ. ಅದನ್ನು ಯಾವ ಫಾಂಟಿನಲ್ಲಿ ಬರೆದದ್ದೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಅಚ್ಚಾದ ಪ್ರತಿಯನ್ನು ಗೆದ್ದಲು ತಿಂದಿತ್ತು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಕಲ್ಲೇಶ್ವರ ದೇವಾಲಯವಿದೆ. ಒಂಬತ್ತನೆಯ ಶತಮಾನದ ಶಿಲ್ಪಕ್ಕೆ ಹೆಸರಾದ ಗುಡಿ ಅದು. ಆ ಕಾಲದ ಶಾಸನಗಳನ್ನು ನಮ್ಮ ಎರಡನೆಯ ವರ್ಷದ ವಿದ್ಯಾರ್ಥಿಗಳು ಸ್ವಲ್ಪ ತಡವರಿಸಿಯಾದರೂ ಓದಬಲ್ಲರು. ಬಿ. ಎಲ್. ರೈಸರು ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರಷ್ಟೆ. ಅದನ್ನೂ ಇಂದು ಸುಖವಾಗಿ ಓದಬಹುದು. ಓದಲಾಗದೆ ಹೋದದ್ದು ಇಪ್ಪತ್ತು ವರ್ಷದ ಹಿಂದೆ ನಮ್ಮಲ್ಲೇ ಬರೆದದ್ದು.

ಇನ್ನು ಕೈಯಲ್ಲಿ ಹಿಡಿಯುವ ಯಂತ್ರಗಳ ಚರಿತ್ರೆಗೆ ಬರೋಣ. ಈ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿ. ಇಂದಿನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಅದರ ಹೆಸರೂ ತಿಳಿಯದಿರುವುದು ಆಶ್ಚರ್ಯ. 1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಅಂತರರಾಷ್ಟ್ರೀಯ ಗೋಷ್ಠಿಯ ಸಂದರ್ಭದಲ್ಲಿ, ಬಡದೇಶಗಳ ಸಾಮಾನ್ಯ ಜನರ ಕೈಗೆಟುಕುವ ಗಣಕವೊಂದನ್ನು ಮಾಡಬೇಕೆಂಬ ಆಲೋಚನೆ ಹುಟ್ಟಿತು. ಭಾರತೀಯ ವಿಜ್ಞಾನ ಮಂದಿರದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರರೂ ಕೂಡಿ ಸಿಂಪ್ಯೂಟರ್ ಟ್ರಸ್ಟ್ ಎಂಬ ನ್ಯಾಸವನ್ನು ಏರ್ಪಡಿಸಿದರು. 2001ರ ಏಪ್ರಿಲಿನಲ್ಲಿ ಮಾದರಿ ಯಂತ್ರ ಹೊರಬಂದಿತು. ಅಂಗೈ ಅಗಲದ ಪರದೆ, ಮುಟ್ಟಿ ನಡೆಸುವ ಕಡ್ಡಿ, ಒಳಗೆ ಯಾರ ಸೊತ್ತೂ ಅಲ್ಲದ ಲಿನಕ್ಸ್ ವ್ಯವಸ್ಥೆ, ಸಣ್ಣ ಬ್ಯಾಟರಿ ಸೆಲ್ಲುಗಳಿಂದಲೂ ನಡೆಯುವ ಸರಳತೆ ಇವು ಅದರ ಲಕ್ಷಣಗಳು. ಆಪಲ್ ಸಂಸ್ಥೆಯ ಐಫೋನು ಬಂದದ್ದು 2007ರಲ್ಲಿ, ಮೊದಲನೆಯ ಆಂಡ್ರಾಯ್ಡ್ ದೂರವಾಣಿ 2008ರಲ್ಲಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದ ಗುಣಗಳು ಅದರಲ್ಲಿ ಮೂರಿದ್ದವು. ಬರೆದುದನ್ನು ಗಟ್ಟಿಯಾಗಿ ಓದಿ ಹೇಳುವ ಶಕ್ತಿ ಮೊದಲನೆಯದು. ರಮೇಶ್ ಹರಿಹರನ್ ಅವರು ಇದಕ್ಕಾಗಿ ಆರಂಭಿಸಿದ ಧ್ವನಿ ಎಂಬ ತಂತ್ರಾಂಶ ಕನ್ನಡವನ್ನೂ ಓದುತ್ತಿತ್ತು. ಓದು ಬಾರದವನಿಗೂ ಯಂತ್ರ ತಾಯ್ನುಡಿಯಲ್ಲಿ ಮಾತಾಡಬೇಕೆಂಬ ಸಂಕಲ್ಪ ಮೂಲವಿನ್ಯಾಸದಲ್ಲೇ ಇತ್ತು. ಆಮೇಲೆ ಹಚ್ಚಿದ ತೇಪೆಯಲ್ಲ. ಎರಡನೆಯದು ಸ್ಮಾರ್ಟ್ ಕಾರ್ಡಿನ ಏರ್ಪಾಡು. ಒಂದೇ ಯಂತ್ರವನ್ನು ಊರಿನ ಹಲವರು ಬಳಸಬಹುದು, ಒಬ್ಬೊಬ್ಬನ ವಿವರ ಅವನವನ ಕಾರ್ಡಿನಲ್ಲಿ ಅವನ ಜೇಬಿನಲ್ಲೇ ಉಳಿಯುವುದು. ಯಂತ್ರ ಊರಿನದು, ದಾಖಲೆ ತನ್ನದು ಎಂಬ ಈ ವಿಂಗಡಣೆ ಇಂದಿನ ಎರಡು ದೊಡ್ಡ ವ್ಯವಸ್ಥೆಗಳಲ್ಲಿಯೂ ಇಷ್ಟು ನಿಚ್ಚಳವಾಗಿ ಕಾಣದು. ಮೂರನೆಯದು ಪರವಾನಗಿಯ ಕ್ರಮ: ಯಾರು ಬೇಕಾದರೂ ವಿನ್ಯಾಸವನ್ನು ಪಡೆದು ತಿದ್ದಿ ಯಂತ್ರವನ್ನು ತಯಾರಿಸಬಹುದು, ಮಾಡಿದ ತಿದ್ದುಪಾಟನ್ನು ಕೆಲಕಾಲದ ಮೇಲೆ ನ್ಯಾಸಕ್ಕೆ ಒಪ್ಪಿಸಬೇಕು. ಪೈಪೋಟಿಯೂ ಇರಲಿ, ಅದರ ಫಲ ಸರ್ವರ ಸೊತ್ತೂ ಆಗಲಿ ಎಂಬುದು ಇದರ ಆಶಯ.

ಸಿಂಪ್ಯೂಟರ್ ಸೋತಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಎಂಬ ರೂಪ ಮಾರಾಟಕ್ಕೆ ಬಂದರೂ ಕೊಂಡವರು ಕೆಲವು ಸಾವಿರ ಮಂದಿ ಮಾತ್ರ. ಈ ಸೋಲಿಗೆ ಪೈಪೋಟಿಯ ನ್ಯಾಯವನ್ನೇ ಕಾರಣವಾಗಿ ಹೇಳುವವರುಂಟು. ಜನಕ್ಕೆ ಬೇಡವಾದದ್ದು ಬಿದ್ದುಹೋಯಿತು ಎನ್ನುತ್ತಾರೆ. ನಾವು ಇದನ್ನು ಅರ್ಧ ಒಪ್ಪುವೆವು. ಮೂಲ ಯಂತ್ರದ ಒಡಲಿನಲ್ಲಿ ದೂರವಾಣಿ ಇರಲಿಲ್ಲ; ಜನಕ್ಕೆ ಮೊದಲು ಬೇಕಾಗಿದ್ದುದು ಮಾತಾಡುವ ಅನುಕೂಲ. ಸುಮಾರು ಒಂಬತ್ತು ಹತ್ತು ಸಾವಿರ ರೂಪಾಯಿ ಬೆಲೆಯೂ ಅಂದಿನ ಹಳ್ಳಿಗೆ ಹೊರೆಯೇ. ಇವು ನಿಜವಾದ ದೋಷಗಳು. ಆದರೆ ಇದನ್ನು ಸೋಲಿಸಿದ ಅಗ್ಗದ ದೂರವಾಣಿಗಳು ಕನ್ನಡವನ್ನು ಇದಕ್ಕಿಂತ ಚೆನ್ನಾಗಿ ಓದುತ್ತಿದ್ದುವೆ? ಕನ್ನಡ ಆ ಪಂದ್ಯದ ಕಣದಲ್ಲೇ ಇರಲಿಲ್ಲ. ಗೆದ್ದವನಿಗೆ ಕನ್ನಡ ಬೇಕಿರಲಿಲ್ಲ, ಸೋತವನೊಡನೆ ಕನ್ನಡವೂ ಮನೆಗೆ ಹೋಯಿತು. ಯಂತ್ರದ ಗುಣದೋಷಗಳನ್ನು ಪೈಪೋಟಿ ತೂಗಿದ್ದು ಹೌದು. ತಕ್ಕಡಿಗೆ ಹಾಕದ ವಸ್ತುವನ್ನು ತೂಗುವುದು ಅದರ ಕೈಯಲ್ಲಿರಲಿಲ್ಲ.

ಆಮೇಲಿನ ತೇದಿಗಳು ಇನ್ನೂ ಸ್ಪಷ್ಟವಾಗಿ ಮಾತಾಡುತ್ತವೆ. ಕನ್ನಡದ ಒತ್ತಕ್ಷರ ಗುಣಿತಾಕ್ಷರಗಳನ್ನು ಸಂಖ್ಯೆಗಳಿಂದ ಕೂಡಿಸಿ ಸರಿಯಾದ ಆಕಾರದಲ್ಲಿ ತೋರಿಸುವುದು ವ್ಯವಸ್ಥೆಯ ಕೆಲಸ. ಅದು ಮಾಡದಿದ್ದರೆ ಸಾಮಾನ್ಯ ಆ್ಯಪುಗಳಿಂದ ಆಗದು. ಆಂಡ್ರಾಯ್ಡಿನಲ್ಲಿ ಈ ಬೆಂಬಲ ಬಂದದ್ದು 2012ರ 4.1ನೆಯ ಆವೃತ್ತಿಯಲ್ಲಿ. ಮೆನು, ಸೂಚನೆ ಮೊದಲಾದವೆಲ್ಲ ಕನ್ನಡದಲ್ಲಿ ಕಾಣುವಂತಾದದ್ದು 2014ರ 5.0ನೆಯ ಆವೃತ್ತಿಯಲ್ಲಿ. ಐಒಎಸ್ ಕನ್ನಡದ ಕೀಲಿಮಣೆಯನ್ನು ತಾನಾಗಿ ಕೊಟ್ಟದ್ದು 2017ರ 11ನೆಯ ಆವೃತ್ತಿಯಲ್ಲಿ. ಪರದೆಯ ಭಾಷೆಯನ್ನು ಕನ್ನಡಕ್ಕೆ ತಿರುಗಿಸುವ ಅವಕಾಶ ದೊರೆತದ್ದು 2025ರ 18.4ನೆಯ ಆವೃತ್ತಿಯಲ್ಲಿ. ಒಂದರಲ್ಲಿ ಬಂದದ್ದನ್ನು ಇನ್ನೊಂದು ಅನುಸರಿಸಲು ಹನ್ನೊಂದು ವರ್ಷಗಳು ಬೇಕಾದವು. ಕ್ಯಾಮರಾದಲ್ಲಿಯೋ ಪರದೆಯ ಹೊಳಪಿನಲ್ಲಿಯೋ ಒಬ್ಬನು ಮುಂದಾದರೆ ಇನ್ನೊಬ್ಬನು ಹನ್ನೊಂದು ತಿಂಗಳು ಸುಮ್ಮನಿರುವುದಿಲ್ಲ. ಐಫೋನಿನ ಬೆಲೆ ತೆರಬಲ್ಲವನು ಇಂಗ್ಲಿಷ್ ಬಲ್ಲನೆಂಬ ಊಹೆಯೇ ಇದಕ್ಕೆ ಕಾರಣವಿರಬೇಕೆಂದು ನಮಗೆ ತೋರುತ್ತದೆ. ಅಗ್ಗದ ದೂರವಾಣಿಗಳ ಮಾರಾಟಗಾರರಲ್ಲಿ ದೇಶಭಾಷೆಗಳಿಗಾಗಿ ಸ್ವಲ್ಪ ಪೈಪೋಟಿ ನಡೆದುದನ್ನು ನಾವು ಅಲ್ಲಗಳೆಯುವುದಿಲ್ಲ. ಮೊಜಿಲ್ಲಾದ ಫೈರ್‌ಫಾಕ್ಸ್ ವ್ಯವಸ್ಥೆಯ ದೂರವಾಣಿ 2014ರಲ್ಲಿ 1,999 ರೂಪಾಯಿಗೆ ಇಲ್ಲಿಗೆ ಬಂದಿತು. ಅದರಲ್ಲಿ ಹಿಂದಿಯೂ ತಮಿಳೂ ಇದ್ದವು. ಎರಡು ವರ್ಷದೊಳಗೆ ಆ ವ್ಯವಸ್ಥೆಯೇ ನಿಂತುಹೋಯಿತು. ಅದರ ಸಂತತಿಯಾದ ಕಾಯ್‌ಒಎಸ್ 2017ರಲ್ಲಿ ಜಿಯೋಫೋನಿನ ಮೂಲಕ ಮತ್ತೆ ಬಂದಿತು.

ಹಾಗಾದರೆ ಕನ್ನಡವನ್ನು ಎಲ್ಲ ದೂರವಾಣಿಗಳಿಗೂ ತಂದುದು ಯಾವುದು? ಭಾರತೀಯ ಮಾನಕ ಬ್ಯೂರೋ 2016ರಲ್ಲಿ ಪ್ರಕಟಿಸಿದ ಐಎಸ್ 16333ರ ಮೂರನೆಯ ಭಾಗ ಎಂಬ ಮಾನದಂಡಕ್ಕೆ ಈ ಕೀರ್ತಿಯಲ್ಲಿ ಸಿಂಹಪಾಲು ಸಲ್ಲಬೇಕು. ದೇಶದಲ್ಲಿ ಮಾರುವ ಪ್ರತಿಯೊಂದು ಮೊಬೈಲೂ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳನ್ನೂ ಓದಲು ಬರುವಂತೆ ತೋರಿಸಬೇಕು, ಬರೆಯಲು ಇಂಗ್ಲಿಷ್, ಹಿಂದಿಗಳಲ್ಲದೆ ಇನ್ನೊಂದಾದರೂ ಭಾರತೀಯ ಭಾಷೆಗೆ ಅವಕಾಶವಿರಬೇಕು ಎಂದು ಸರ್ಕಾರ ಅದನ್ನು ಕಡ್ಡಾಯ ಮಾಡಿತು. ಬೆಲೆ ಯಾವುದಿರಲಿ, ಸಂಸ್ಥೆ ಯಾವುದಿರಲಿ, ತೂಕದ ಕಲ್ಲು ಒಂದೇ. ಇದರ ಪಕ್ಕದಲ್ಲಿಯೇ ಹೇಳಬೇಕಾದ ಇನ್ನೊಂದು ಸಂಗತಿಯುಂಟು. ಹೊರಗಿನವರು ಮಾಡಿದ ಕೀಲಿಮಣೆಯನ್ನು ಸೇರಿಸಿಕೊಳ್ಳುವ ಅವಕಾಶ ಆಂಡ್ರಾಯ್ಡಿನಲ್ಲಿ 2009ರಿಂದಲೇ ಇತ್ತು, ಐಒಎಸ್‌ನಲ್ಲಿ ಬಂದದ್ದು 2014ರಲ್ಲಿ. ಆ ತೆರೆದ ಬಾಗಿಲಿನಿಂದ ಒಳಹೊಕ್ಕ ಕನ್ನಡದ ಉತ್ಸಾಹಿಗಳು ದೊಡ್ಡ ಸಂಸ್ಥೆಯ ದಯೆಗೆ ಕಾಯದೆ ಕೆ. ಪಿ. ರಾವ್ ಅವರ ಕ್ರಮದ ಕೀಲಿಮಣೆಯನ್ನು ತಾವೇ ಮಾಡಿಕೊಂಡರು.

ಬಾಗಿಲಿನ ಮಾತು ಬಂದುದರಿಂದ ಭಾರತೀಯ ಸ್ಪರ್ಧಾ ಆಯೋಗದ ತೀರ್ಪನ್ನು ಬಿಡುವಂತಿಲ್ಲ. 2022ರ ಅಕ್ಟೋಬರ್ 20ರಂದು ಆಯೋಗ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್ ಸಂಸ್ಥೆಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶಗಳನ್ನು ತೆಗೆದುಹಾಕಿ ದಂಡವನ್ನು ಎತ್ತಿಹಿಡಿಯಿತು. ಪತ್ರಿಕೆಗಳು ದಂಡದ ಮೊತ್ತವನ್ನೇ ದೊಡ್ಡದು ಮಾಡಿದವು. ನಮಗೆ ಮುಖ್ಯವಾಗಿ ಕಂಡದ್ದು ಬೇರೆ. ಆಂಡ್ರಾಯ್ಡಿನ ಮೂಲವನ್ನು ಯಾರು ಬೇಕಾದರೂ ತೆಗೆದುಕೊಂಡು ತಮ್ಮದಾಗಿ ತಿದ್ದಬಹುದೆಂದು ಹೇಳಲಾಗಿದ್ದರೂ, ಗೂಗಲಿನ ಆ್ಯಪುಗಳು ಬೇಕೆನ್ನುವ ತಯಾರಕನು ಹಾಗೆ ತಿದ್ದಿದ ರೂಪಗಳ ದೂರವಾಣಿಯನ್ನು ಮಾಡಕೂಡದೆಂಬ ಕರಾರಿಗೆ ಒಳಪಡಬೇಕಾಗಿತ್ತು. ಇದನ್ನು ಆಯೋಗ ತಪ್ಪೆಂದಿತು. ಕನ್ನಡವನ್ನೇ ಮುಂದಿಟ್ಟುಕೊಂಡ ಒಂದು ವ್ಯವಸ್ಥೆಯನ್ನು ನಾಳೆ ಯಾರಾದರೂ ಕಟ್ಟಬಯಸಿದರೆ ಅವರಿಗೆ ಈ ಮಾತೇ ಆಧಾರ. ಆದರೆ ತೀರ್ಪು ಭಾಷೆಯ ವಿಷಯವನ್ನು ಎತ್ತಲಿಲ್ಲ. ಎತ್ತಬೇಕಾದದ್ದು ಆಯೋಗವೂ ಅಲ್ಲವೆನ್ನಿ, ಕೇಳಬೇಕಾದವರು ನಾವು.

ಏನನ್ನು ಕೇಳಬೇಕು? ಯಜಮಾನರ ಮೊಬೈಲಿಗೆ ಬರುವ ಸಂದೇಶದಿಂದಲೇ ಆರಂಭಿಸೋಣ. ಇಂಗ್ಲಿಷಿನ ಒಂದು ಸಂದೇಶದಲ್ಲಿ 160 ಅಕ್ಷರ ಹಿಡಿಸುತ್ತವೆ. ಕನ್ನಡದ ಸಂದೇಶ ಯುನಿಕೋಡಿನಲ್ಲಿ ಹೋಗುವುದರಿಂದ 70 ಮಾತ್ರ. 'ಕೊಬ್ಬರಿ' ಎಂಬುದು ಕಣ್ಣಿಗೆ ಮೂರೇ ಅಕ್ಷರ. ಒತ್ತು, ಕೊಂಬುಗಳನ್ನು ಬೇರೆಯಾಗಿ ಎಣಿಸುವ ಸಂಕೇತದಲ್ಲಿ ಅದು ಏಳು. ಎಡೆ ಬಿಡದೆ ಹತ್ತು ಸಲ 'ಕೊಬ್ಬರಿ' ಎಂದು ಬರೆದರೆ ಒಂದು ಸಂದೇಶ ಭರ್ತಿಯಾಗುತ್ತದೆ! ಇಂಗ್ಲಿಷಿನಲ್ಲಿ ಒಂದಕ್ಕೆ ಮುಗಿಯುವುದು ಕನ್ನಡದಲ್ಲಿ ಮೂರಾದರೆ ಕಚೇರಿಗಳಿಗೆ ಕನ್ನಡ ದುಬಾರಿಯಾಗಿ ತೋರುವುದು ಸಹಜವೇ. ಇದು ಒಂದು ವ್ಯವಸ್ಥೆಯ ದೋಷವಲ್ಲ, ದೂರಸಂಪರ್ಕದ ಅಳತೆಗೋಲಿನದು. ಎರಡು ಸಂಸ್ಥೆಗಳು ಇನ್ನು ನೂರು ವರ್ಷ ಹೋರಾಡಿದರೂ ತಾನಾಗಿ ಸರಿಹೋಗದು. ಇಲ್ಲಿ ಸಂಖ್ಯೆಯನ್ನಲ್ಲದಿದ್ದರೂ ಬೆಲೆಯನ್ನಾದರೂ ಸರಿದೂಗಿಸಬೇಕು: ಒಂದೇ ವಿಷಯವನ್ನು ಹೇಳುವ ಸಂದೇಶಕ್ಕೆ ಯಾವ ಭಾಷೆಯಾದರೂ ಒಂದೇ ದರ.

ಅಕ್ಷರಗಳ ವಿಷಯದಲ್ಲಿಯೂ ಕೆಲಸ ಉಳಿದಿದೆ. 'ಕಾರ್ಯ' ಎಂಬಲ್ಲಿ ರಕಾರ ಅರ್ಕಾವೊತ್ತಾಗಿ ಬಲಕ್ಕೆ ಹೋಗುವುದು ಸರಿ. 'ರ‍್ಯಾಂಕ್' ಎಂಬಲ್ಲಿ ರಕಾರ ಮುಂದೆಯೇ ನಿಂತು ಯಕಾರ ಒತ್ತಾಗಬೇಕು. ಇದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸಬೇಕಾಗುತ್ತದೆ. ಅದು ಎಲ್ಲಿದೆಯೆಂದು ತಿಳಿಯದೆ ನಮ್ಮ ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಸರಿಯಾಗಿ ಬರೆಯುವ ಪದವನ್ನು ಮೊಬೈಲಿನಲ್ಲಿ ತಪ್ಪಾಗಿ ಬರೆಯುತ್ತಾರೆ. ಹಳಗನ್ನಡದ ಱ, ೞ ಅಕ್ಷರಗಳಂತೂ ಹಲವು ಕೀಲಿಮಣೆಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ೞಕಾರದ ಕಥೆ ಇನ್ನೂ ಸ್ವಾರಸ್ಯವಾದದ್ದು. ಯುನಿಕೋಡಿನ ಪಟ್ಟಿಯಲ್ಲಿ ಅದಕ್ಕೆ ಪ್ರಮಾದವಶಾತ್ 'ಫ' ಎಂಬರ್ಥದ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಅಲ್ಲಿಯ ನಿಯಮವಾದ್ದರಿಂದ, ತಪ್ಪನ್ನು ಹಾಗೆಯೇ ಉಳಿಸಿ ಪಕ್ಕದಲ್ಲಿ ಸರಿಯಾದ ಹೆಸರನ್ನು ಸೂಚಿಸಿದ್ದಾರೆ. ಶಾಸನದ ಕಂಡರಣೆಯಲ್ಲಿ ಕಲ್ಲುಕುಟಿಗನ ಕೈತಪ್ಪನ್ನು ಕಂಡು ಕೆಳಗೆ ಟಿಪ್ಪಣಿ ಬರೆದು ಅಭ್ಯಾಸವಿರುವ ನಮಗೆ ಇದು ಹೊಸದೇನೂ ಅಲ್ಲ. ಆದರೆ ಪಟ್ಟಿ ಸಿದ್ಧವಾಗುವಾಗ ಹಳಗನ್ನಡ ಬಲ್ಲ ಒಬ್ಬರು ಅಲ್ಲಿ ಕುಳಿತಿದ್ದರೆ ಈ ತಪ್ಪು ನುಸುಳುತ್ತಿರಲಿಲ್ಲ.

ಮಾತನ್ನು ಕೇಳಿ ಬರೆದುಕೊಳ್ಳುವ ಸೌಕರ್ಯ ಕನ್ನಡಕ್ಕೆ 2017ರಲ್ಲಿ ಗೂಗಲಿನ ಕೀಲಿಮಣೆಯ ಮೂಲಕ ಬಂದಿತು. ಬಹಳ ಉಪಕಾರವಾಯಿತೆಂಬುದು ಸತ್ಯ. ಆದರೆ ಇಂಥ ಸೌಕರ್ಯಗಳಿಗೆ ಪರಿಚಿತವಾದ ಕನ್ನಡ ಪತ್ರಿಕೆಯ ಕನ್ನಡ. ನಮ್ಮ ಕಡೆಯ 'ಬಂದೈತೆ', 'ಕೊಟ್ಟವ್ರೆ'ಗಳು, ಹೊಂಬಾಳೆ, ಸೋಗೆ, ಮಟ್ಟೆ, ಕರಟ, ಕೌಟು ಕೊಬ್ಬರಿ ಎಂಬ ತೋಟದ ಮಾತುಗಳು ಇದರ ಶಬ್ದಕೋಶಕ್ಕೆ ಇನ್ನೂ ಚೆನ್ನಾಗಿ ಒಗ್ಗಿಲ್ಲವೆಂದು ಬಳಸಿದವರು ಬಲ್ಲರು. ಇದರಲ್ಲಿ ನಮ್ಮ ಪಾಲಿನ ಕೆಲಸವೂ ಇದೆ. ಕನ್ನಡ ವಿಭಾಗಗಳು ವೃತ್ತಿಪದಗಳ ಕೋಶಗಳನ್ನು ಅಚ್ಚುಹಾಕಿಸಿ ಕಪಾಟಿನಲ್ಲಿಟ್ಟರೆ ಯಾವ ಯಂತ್ರವೂ ಅವನ್ನು ಓದಲಾರದು.

ಆಯುಸ್ಸಿನ ಪ್ರಶ್ನೆಯೊಂದಿದೆ. ತೆಂಗಿನ ಸಸಿ ನೆಟ್ಟು ಮೊದಲನೆಯ ಹೊಂಬಾಳೆ ಕಾಣಲು ಆರೇಳು ವರ್ಷ ಬೇಕು. ಅದೇ ವರ್ಷ ಕೊಂಡ ಅಗ್ಗದ ಮೊಬೈಲು ಅಷ್ಟರೊಳಗೆ ಹೊಸ ಆವೃತ್ತಿಗಳು ದೊರೆಯದೆ, ಬ್ಯಾಂಕಿನ ಆ್ಯಪೂ ನಡೆಯದೆ ಮೂಲೆಗೆ ಸೇರುತ್ತದೆ. ಬೆಲೆಬಾಳುವ ದೂರವಾಣಿಗಳಿಗೆ ಏಳು ವರ್ಷ ಆವೃತ್ತಿಗಳನ್ನು ಕೊಡುವೆವೆಂದು ಗೂಗಲ್ 2023ರಲ್ಲಿ, ಸ್ಯಾಮ್‌ಸಂಗ್ 2024ರಲ್ಲಿ ಘೋಷಿಸಿದವು. ಇದು ಪೈಪೋಟಿಯ ಫಲವೆಂದು ಒಪ್ಪೋಣ. ಮೇಲಿನ ತುದಿಯಲ್ಲಿ ಅದು ಫಲಿಸುತ್ತದೆ. ಐರೋಪ್ಯ ಒಕ್ಕೂಟ ಕಾಯಲಿಲ್ಲ. ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಆವೃತ್ತಿಗಳು ದೊರೆಯಬೇಕೆಂಬ ಅದರ ನಿಯಮ 2025ರ ಜೂನಿನಿಂದ ಜಾರಿಯಲ್ಲಿದೆ. ಅಗ್ಗದ ದೂರವಾಣಿಗೂ ಅದು ಅನ್ವಯಿಸುತ್ತದೆ.

ನಮ್ಮ ಮಿತ್ರರಾದ ಒಬ್ಬ ಅಧ್ಯಾಪಕರು ಈ ಲೇಖನದ ಕರಡನ್ನು ಓದಿ ಒಂದು ಆಕ್ಷೇಪ ಎತ್ತಿದರು. ಕೊಟ್ಟ ಕನ್ನಡವನ್ನೇ ಜನ ಬಳಸುವುದಿಲ್ಲವಲ್ಲ, ಮೊಬೈಲಿನ ಪರದೆಯನ್ನು ಕನ್ನಡಕ್ಕೆ ತಿರುಗಿಸಿಕೊಂಡವರು ನಮ್ಮ ಕಾಲೇಜಿನಲ್ಲಿ ಎಷ್ಟು ಮಂದಿ ಎಂದು ಅವರ ಪ್ರಶ್ನೆ. ಆಕ್ಷೇಪ ತೂಕದ್ದೇ. ನಾವು ತರಗತಿಯಲ್ಲಿ ವಿಚಾರಿಸಿದಾಗ ಕೈಯೆತ್ತಿದವರು ಬೆರಳೆಣಿಕೆಯಷ್ಟು ಮಂದಿ. ಏಕೆಂದು ಕೇಳಿದರೆ, ಅಲ್ಲಿಯ ಕನ್ನಡ ಅರ್ಥವಾಗುವುದಿಲ್ಲ ಎಂದರು. ಆ ಕನ್ನಡವನ್ನು ನಾವೂ ಓದಿ ನೋಡಿದೆವು. ಇಂಗ್ಲಿಷ್ ವಾಕ್ಯದ ಬೆನ್ನೆಲುಬಿನ ಮೇಲೆ ಸಂಸ್ಕೃತ ಪದಗಳನ್ನು ಹೊದಿಸಿದ ಭಾಷೆ ಅದು. ಯಜಮಾನರಿಗೂ ಆಗದು, ಮೊಮ್ಮಗಳಿಗೂ ಆಗದು. ಲಿಪಿಗೆ ಒಂದು ಮಾನದಂಡ ಬಂದಿತು, ಮಾತಿಗೆ ಇನ್ನೂ ಬಂದಿಲ್ಲ. ಇದನ್ನು ಬ್ಯೂರೋ ಮಾಡಿಕೊಡಲಾರದು. ಎರಡು ವ್ಯವಸ್ಥೆಗಳೂ ಒಂದೇ ಪದವನ್ನು ಬಳಸುವಂತೆ, ಆ ಪದ ಸಂತೆಯಲ್ಲಿ ಕೇಳಿದರೆ ತಿಳಿಯುವಂಥದಾಗಿರುವಂತೆ ಪಟ್ಟಿಯೊಂದನ್ನು ಮಾಡಬಲ್ಲವರು ಭಾಷೆಯ ಅಧ್ಯಾಪಕರು.

ಊರಹೆಸರುಗಳ ಆ ಹಳೆಯ ಕಿರುಪ್ರಬಂಧದ ವಿಷಯ ಹೇಳಿ ಮುಗಿಸುವೆವು. ಫಾಂಟಿನ ಹೆಸರು ಕೊನೆಗೂ ಪತ್ತೆಯಾಯಿತು. ಪರಿವರ್ತಕ ತಂತ್ರಾಂಶದಿಂದ ಬಹುಭಾಗ ಯುನಿಕೋಡಿಗೆ ಬಂದಿದೆ. ಒತ್ತಕ್ಷರಗಳು ಕೆಟ್ಟ ಕೆಲವು ಪುಟಗಳನ್ನು ಇಬ್ಬರು ವಿದ್ಯಾರ್ಥಿನಿಯರು ಹಳ್ಳಿಗಳಿಗೆ ಹೋಗಿ ಹೆಸರುಗಳನ್ನು ಹಿರಿಯರ ಬಾಯಿಂದ ಕೇಳಿ ತಿದ್ದುತ್ತಿದ್ದಾರೆ. ತಮ್ಮ ತಮ್ಮ ಕಾಲೇಜುಗಳಲ್ಲಿ ಇಂಥ ಹಳೆಯ ಕಡತಗಳಿರುವವರು ಫಾಂಟಿನ ಹೆಸರು ಬಲ್ಲವರು ನಿವೃತ್ತರಾಗುವುದಕ್ಕೆ ಮುಂಚೆ ಅದನ್ನು ಕಡತದ ಮೇಲೆ ಬರೆದಿಡಬೇಕೆಂದು ಪ್ರಾರ್ಥನೆ.